ಮುಖದ ಸುಕ್ಕಿಗೆ ಸೂಜಿ: 'ಡಾ.' ಅಂತ ಬೋರ್ಡ್ ಇದ್ದರೆ ಸಾಲದು, ನೋಂದಣಿ ಸಂಖ್ಯೆ ಕೇಳಿ

ಸಂಡೂರು ತಾಲ್ಲೂಕಿನ ಕುರೆಕುಪ್ಪ, ತೋರಣಗಲ್ಲು ಕಡೆ ಬಿಸಿಲಲ್ಲಿ ದುಡಿಯುವವರ ಮುಖದಲ್ಲಿ ಬೇಗ ಗೆರೆ ಮೂಡುವುದು ಆಶ್ಚರ್ಯವಲ್ಲ. ಅತಿನೇರಳೆ ಕಿರಣಗಳು ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಅನ್ನು ಒಡೆಯುತ್ತವೆ. ಆದರೆ ಮೊಬೈಲ್ ತೆರೆದರೆ ಕಾಣುವುದು 'ಹತ್ತು ವರ್ಷ ಚಿಕ್ಕವರಾಗಿ' ಅನ್ನೋ ಜಾಹೀರಾತು. ಸೂಜಿ ಹಿಡಿಯುವವರು ಯಾರು ಅಂತ ಅದು ಹೇಳಲ್ಲ.

2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಅವರಿಗೆ 21 ವರ್ಷ. ವರ್ಕ್‌ಶಾಪ್ ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ಸೌಂದರ್ಯ ಚಿಕಿತ್ಸೆಗೆ ಸಾಕಾಗುವ ತರಬೇತಿ ಅಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು.

ಯಾರು ಅರ್ಹರು?

ಎಂಬಿಬಿಎಸ್ ನಂತರ ಚರ್ಮರೋಗದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು; ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದವರು. 'ಕಾಸ್ಮೆಟಾಲಜಿಸ್ಟ್', 'ಸ್ಕಿನ್ ಎಕ್ಸ್‌ಪರ್ಟ್' ಅನ್ನುವವು ವೈದ್ಯಕೀಯ ಪದವಿಗಳಲ್ಲ. ಕೆಲವೇ ದಿನಗಳ ಸರ್ಟಿಫಿಕೇಟ್ ಕೋರ್ಸ್ ತಜ್ಞತೆ ಕೊಡುವುದಿಲ್ಲ.

ಪರೀಕ್ಷಿಸುವುದು ಹೇಗೆ?

* ಕ್ಲಿನಿಕ್‌ನಲ್ಲೂ ಔಷಧ ಚೀಟಿಯಲ್ಲೂ ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ಇದು 2002ರ ವೈದ್ಯಕೀಯ ನೀತಿ ನಿಯಮ. ಸಂಖ್ಯೆ ಕೇಳಿದರೆ ಅದು ಅವಮಾನವಲ್ಲ, ನಿಮ್ಮ ಹಕ್ಕು.
* ಆ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಿ. ಸಂಖ್ಯೆ ಇದ್ದ ಮಾತ್ರಕ್ಕೆ ಚರ್ಮತಜ್ಞರಲ್ಲ. ಸ್ನಾತಕೋತ್ತರ ಪದವಿಯೂ ದಾಖಲಾಗಿದೆಯೇ ನೋಡಿ.
* ಕ್ಲಿನಿಕ್‌ಗೂ ಕೆಪಿಎಂಇ ನೋಂದಣಿ ಬೇಕು. 2007ರ ಈ ರಾಜ್ಯ ಕಾಯ್ದೆಯಡಿ ದರಪಟ್ಟಿಯೂ ಕಾಣುವಂತಿರಬೇಕು.

ಚಿಕಿತ್ಸೆಗೆ ಮುಂಚೆ ಕೇಳಿ

ಬೊಟಾಕ್ಸ್ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಪರಿಣಾಮ ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳು, ಆಮೇಲೆ ಮತ್ತೆ ಖರ್ಚು. ಫಿಲ್ಲರ್ ಅಪ್ಪಿತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸತ್ತುಹೋಗಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಹಾಗಾಗಿ ಸೂಜಿ ಚುಚ್ಚುವುದು ವೈದ್ಯರೋ ಸಹಾಯಕರೋ, ಹೈಯಲುರಾನಿಕ್ ಆಮ್ಲದ ಫಿಲ್ಲರ್ ಕರಗಿಸುವ ಹೈಯಲುರಾನಿಡೇಸ್ ಕೈಗೆಟುಕುವಂತಿದೆಯೋ ಅಂತ ಕೇಳಿಬಿಡಿ. ಸೀಲ್ ಇರುವ ಬಾಟಲಿ ನಿಮ್ಮೆದುರೇ ತೆರೆಯಲಿ, ಬಿಲ್ ತಗೊಳ್ಳಿ. 'ಇವತ್ತೇ ಕಟ್ಟಿದ್ರೆ ಡಿಸ್ಕೌಂಟ್' ಅಂದರೆ ಎದ್ದು ಬನ್ನಿ.

ಎಲ್ಲರಿಗೂ ಸೂಜಿ ಬೇಕಿಲ್ಲ. ಸನ್‌ಸ್ಕ್ರೀನ್, ತಲೆಗೆ ಟೋಪಿ ಅಥವಾ ಸೆರಗು, ಬೀಡಿ-ಸಿಗರೇಟು ಬಿಡುವುದು ಮೊದಲ ಚಿಕಿತ್ಸೆ. ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತರುವ ಸ್ಟೀರಾಯ್ಡ್ ಕ್ರೀಮ್ ಚರ್ಮವನ್ನೇ ತೆಳುವಾಗಿಸುತ್ತದೆ. ಈ ಭಾಗದವರು ಮೊದಲ ಸಲಹೆಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು.

ಹೊಣೆ ಯಾರದು?

ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಇವೆ. ಕೆಪಿಎಂಇ ದೂರುಗಳಿಗೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವಿದೆ. ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಆದರೆ ರೋಗಿಯೇ ಪತ್ತೇದಾರನಾಗಬೇಕಾದ ವ್ಯವಸ್ಥೆ ನ್ಯಾಯವಲ್ಲ. ಯಾರೋ ಮುಖ ಸುಟ್ಟುಕೊಂಡು ಬರುವವರೆಗೆ ಕಾಯದೆ, ಬೋರ್ಡ್ ಏರುವ ದಿನವೇ ತಪಾಸಣೆ ನಡೆಯಲಿ ಅಂತ ನಾವು ಕೇಳಬೇಕು.