ಕಪ್ಪತ್ತಗುಡ್ಡ ವನ್ಯಜೀವಿಧಾಮ

ಕಪ್ಪತ್ತಗುಡ್ಡವು ಕರ್ನಾಟಕದ ಗದಗ ಜಿಲ್ಲೆಯಲ್ಲಿರುವ ಬೆಟ್ಟಸಾಲು ಹಾಗೂ ವನ್ಯಜೀವಿಧಾಮ. ಗದಗಿನ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರಾ ದಂಡೆಯ ಸಿಂಗಟಾಲೂರಿನವರೆಗೆ, ಗದಗ, ಮುಂಡರಗಿ ಮತ್ತು ಶಿರಹಟ್ಟಿ ತಾಲೂಕುಗಳಲ್ಲಿ ಇದು ಹಬ್ಬಿದೆ. 2019ರಲ್ಲಿ ಇದರ 244.15 ಚದರ ಕಿ.ಮೀ. ಪ್ರದೇಶವನ್ನು ರಾಜ್ಯ ಸರ್ಕಾರವು ವನ್ಯಜೀವಿಧಾಮವೆಂದು ಘೋಷಿಸಿತು. ಜಿಲ್ಲೆಯ ಉತ್ತರ ಭಾಗದಲ್ಲಿ, ನರಗುಂದ, ಚಿಕ್ಕನರಗುಂದ, ರೋಣಗಳ ಕಡೆ, ಕಣ್ಣು ಹಾಯಿಸಿದಷ್ಟು ದೂರವೂ ಎರೆಹೊಲಗಳೇ. ಆದುದರಿಂದ ಗದಗ ಜಿಲ್ಲೆಯ ಕಾಡೆಂದರೆ ಬಹುಮಟ್ಟಿಗೆ ಕಪ್ಪತ್ತಗುಡ್ಡವೇ.

ಸ್ವರೂಪ

ಇದನ್ನು ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂದು ಕರೆಯುವ ರೂಢಿಯಿದೆ. ಹೆಸರು ಅಭಿಮಾನದ್ದು, ಆದರೆ ಹೋಲಿಕೆ ಅಷ್ಟು ಸರಿಯಲ್ಲ. ಸಹ್ಯಾದ್ರಿಯಂತೆ ಇಲ್ಲಿ ಮಳೆಕಾಡಿಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಬಯಲುಸೀಮೆಯಲ್ಲಿ ಬೆಳೆದ ಕುರುಚಲು ಕಾಡು, ಎಲೆಯುದುರುವ ಒಣಕಾಡು ಹಾಗೂ ಹುಲ್ಲುಗಾವಲು ಇಲ್ಲಿವೆ. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಗುಡ್ಡವು ಮುಂಗಾರಿನ ಮೊದಲ ಮಳೆಗಳು ಬಿದ್ದ ಕೆಲವೇ ವಾರಗಳಲ್ಲಿ ಹಸಿರಾಗುತ್ತದೆ. ಬೇಸಿಗೆಯಲ್ಲಷ್ಟೇ ನೋಡಿದವರು ಇದನ್ನು ಪಾಳುಭೂಮಿಯೆಂದು ತಿಳಿಯುವುದುಂಟು.

ಅಮೃತಬಳ್ಳಿ, ಶತಾವರಿ, ಮಧುನಾಶಿನಿ ಮೊದಲಾದ ಔಷಧೀಯ ಸಸ್ಯಗಳಿಗಾಗಿ ಈ ಗುಡ್ಡ ಹೆಸರುವಾಸಿಯಾಗಿದೆ. ಡೋಣಿ ಗ್ರಾಮದ ಬಳಿಯ ಕಪ್ಪತ್ತ ಮಲ್ಲೇಶ್ವರ ಕ್ಷೇತ್ರಕ್ಕೆ ಸುತ್ತಲಿನ ಹಳ್ಳಿಗಳ ಭಕ್ತರು ನಡೆದುಕೊಳ್ಳುತ್ತಾರೆ.

ಪ್ರಾಣಿ, ಪಕ್ಷಿಗಳು

ದಟ್ಟಡವಿಯ ಪ್ರಾಣಿಗಳಿಗಿಂತ ಬಯಲು ಮತ್ತು ಕುರುಚಲನ್ನು ನೆಚ್ಚಿದ ಪ್ರಾಣಿಗಳೇ ಇಲ್ಲಿನ ವಿಶೇಷ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ, ಮುಳ್ಳುಹಂದಿ, ನವಿಲುಗಳ ಜೊತೆಗೆ ಚಿರತೆಯೂ ಇದೆ. ಈ ಭಾಗದ ಜನ ‘ಚಿಗರಿ’ ಎನ್ನುವ ಕೃಷ್ಣಮೃಗವು ತೆರೆದ ಹುಲ್ಲುಬಯಲಿನ ಪ್ರಾಣಿ. ಹುಲ್ಲುಗಾವಲುಗಳು ಉಳುಮೆಗೆ ಒಳಗಾದಂತೆಲ್ಲ ಅದು ಹೊಲಗಳಲ್ಲಿಯೇ ಮೇಯತೊಡಗಿದೆ. ಬಿತ್ತಿದ ಬೆಳೆ ಕೈಗೆ ಬಾರದ ರೈತನಿಗೆ ಇದು ಸಣ್ಣ ನಷ್ಟವಲ್ಲ.

ಧಾಮದ ಪಶ್ಚಿಮಕ್ಕೆ, ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಕೆರೆ ಇದೆ. ನೀರಾವರಿಗೆಂದು ಕಟ್ಟಿದ ಈ ಕೆರೆಗೆ ಮಂಗೋಲಿಯಾ, ಟಿಬೆಟ್ ಮುಂತಾದ ಮಧ್ಯ ಏಷ್ಯಾದ ಪ್ರದೇಶಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಬರುತ್ತವೆ. ನೀರಿನಲ್ಲಿ ವಿಶ್ರಮಿಸುವ ಇವು ಆಹಾರಕ್ಕಾಗಿ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿಯೊಂದಿಗೆ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿಗೆ ಸೇರಿತು.

ಗಣಿಗಾರಿಕೆ ಮತ್ತು ಸಂರಕ್ಷಣೆಯ ಹೋರಾಟ

ಗುಡ್ಡದ ಶಿಲೆಗಳು ಧಾರವಾಡ ಶಿಲಾವರ್ಗಕ್ಕೆ ಸೇರಿದವು. ಇವುಗಳಲ್ಲಿ ಚಿನ್ನ, ಕಬ್ಬಿಣ ಹಾಗೂ ಮ್ಯಾಂಗನೀಸ್ ಇವೆ. 20ನೆಯ ಶತಮಾನದ ಆರಂಭದಲ್ಲಿಯೇ ಇಲ್ಲಿ ಚಿನ್ನಕ್ಕಾಗಿ ಗಣಿ ತೋಡಲಾಗಿತ್ತು. ಗುಡ್ಡಕ್ಕೆ ಬಂದ ಕಷ್ಟಗಳಿಗೆಲ್ಲ ಮೂಲವೂ ಈ ಸಂಪತ್ತೇ.

2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಪರಿಸರದಲ್ಲಿ ಪೋಸ್ಕೋ ಕಂಪನಿಯ ಉಕ್ಕು ಕಾರ್ಖಾನೆಗೆ ಭೂಮಿ ಪಡೆಯುವ ಯತ್ನ ನಡೆದಾಗ ರೈತರು ವಿರೋಧಿಸಿದರು. ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಚಳವಳಿಯ ಮುಂದಾಳುಗಳಾಗಿದ್ದರು. ಸರ್ಕಾರವು ಯೋಜನೆಯಿಂದ ಹಿಂದೆ ಸರಿಯಿತು.

2015ರ ಡಿಸೆಂಬರಿನಲ್ಲಿ ಕಪ್ಪತ್ತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಸರ್ಕಾರವೇ ಆ ಆದೇಶವನ್ನು ಹಿಂಪಡೆಯಿತು. ಗಣಿಗಾರಿಕೆಗೆ ದಾರಿ ತೆರೆಯಿತೆಂಬ ಆತಂಕದಿಂದ ಮಠಾಧೀಶರು, ರೈತರು, ಪರಿಸರವಾದಿಗಳು ಒಂದಾದರು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಅದೇ ಏಪ್ರಿಲ್‌ನಲ್ಲಿ ಮೀಸಲು ಸ್ಥಾನಮಾನ ಮರಳಿ ದೊರೆಯಿತು. 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಸ್ವಾಮೀಜಿಯವರು ಮರುವರ್ಷದ ವನ್ಯಜೀವಿಧಾಮದ ಘೋಷಣೆಯನ್ನು ಕಾಣಲಿಲ್ಲ.

ಈ ಎರಡು ಸ್ಥಾನಮಾನಗಳ ಅಂತರ ಗಮನಾರ್ಹವಾದುದು. ಸಂರಕ್ಷಿತ ಮೀಸಲಿನ ಆದೇಶವನ್ನು ರಾಜ್ಯ ಸರ್ಕಾರವು ಹಿಂಪಡೆದ ನಿದರ್ಶನ ಇಲ್ಲಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ವನ್ಯಜೀವಿಧಾಮದ ಗಡಿಯನ್ನಾದರೋ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸಿಲ್ಲದೆ ಬದಲಿಸುವಂತಿಲ್ಲ.

ಇಂದಿನ ಸ್ಥಿತಿ

ಬೇಸಿಗೆಯ ಬೆಂಕಿಯು ಗುಡ್ಡಕ್ಕಿರುವ ದೊಡ್ಡ ಅಪಾಯ. ಎತ್ತರಕ್ಕೆ ಬೆಳೆದು ಒಣಗಿದ ಬಾದೆಹುಲ್ಲಿಗೆ ತಗುಲಿದ ಕಿಡಿಯು ಗಾಳಿಯೊಡನೆ ಬಹುಬೇಗ ಹರಡುತ್ತದೆ. ಬೀಸುವ ಗಾಳಿಯ ಕಾರಣದಿಂದಲೇ ಗುಡ್ಡಸಾಲಿನಲ್ಲಿ ಗಾಳಿವಿದ್ಯುತ್ ಯಂತ್ರಗಳೂ ನಿಂತಿವೆ. ಗದಗ ಮತ್ತು ಮುಂಡರಗಿಗಳಿಂದ ಡಂಬಳ, ಡೋಣಿ ಮಾರ್ಗವಾಗಿ ಗುಡ್ಡವನ್ನು ತಲುಪಬಹುದು. ಹಸಿರನ್ನು ನೋಡಬಯಸುವವರಿಗೆ ಮಳೆಗಾಲವೂ ಮಾಗಡಿಯ ಹಕ್ಕಿಗಳನ್ನು ನೋಡಬಯಸುವವರಿಗೆ ಚಳಿಗಾಲವೂ ತಕ್ಕ ಸಮಯ.