ದಿಕ್ಕಿಲ್ಲದವರ ಬಾಬ್ತು

ಪಂಚಾಯಿತಿಯ ಮನೆಗಂದಾಯದ ರಸೀದಿಯನ್ನು ಪೂರ್ತಿ ಓದುವವರು ಕಡಿಮೆ. ಒಟ್ಟು ಎಷ್ಟಾಯಿತು ಎಂದು ನೋಡಿ ಜೇಬಿಗೆ ಹಾಕಿಕೊಳ್ಳುತ್ತೇವೆ. ಗ್ರಂಥಾಲಯ, ಆರೋಗ್ಯ, ಶಿಕ್ಷಣದ ಉಪಕರಗಳ ಜೊತೆಗೆ ಭಿಕ್ಷುಕರ ಉಪಕರ ಎಂಬ ಬಾಬ್ತೂ ಇದೆ: ನೂರು ರೂಪಾಯಿ ತೆರಿಗೆಗೆ 3 ರೂಪಾಯಿ. ನಮ್ಮೂರು ಅರಳಗುಪ್ಪೆಯ ಬಗ್ಗೆ ಏನಾದರೂ ಬರೆಯಿರಿ ಎಂದಾಗ ನನಗೆ ಹೊಳೆದದ್ದು ಈ ಬಾಬ್ತು. ಶಿಲ್ಪಕಲೆಯ ಬಗ್ಗೆ ಬರೆಯಲು ಬಲ್ಲವರಿದ್ದಾರೆ.

ಆದರೂ ಊರಿನ ಕಲ್ಲೇಶ್ವರನ ಗುಡಿಯ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಒಂಬತ್ತನೆಯ ಶತಮಾನದ ಆ ಗುಡಿಯಲ್ಲಿ ತಲೆ ಎತ್ತಿ ನೋಡಿದರೆ ನಾಟ್ಯವಾಡುವ ಶಿವ, ಸುತ್ತ ಅಷ್ಟದಿಕ್ಪಾಲಕರು. ದಿಕ್ಕಿಗೊಬ್ಬ ಕಾವಲು. ಹೀಗಿದ್ದೂ ಮನೆಮಠವಿಲ್ಲದೆ ಬಂದವರನ್ನು ನಮ್ಮಲ್ಲಿ ಕರೆಯುವುದು 'ದಿಕ್ಕಿಲ್ಲದೋರು' ಅಂತಲೇ.

ಸರ್ಕಾರ ಇವರಿಗೆ ದಿಕ್ಕು ತೋರಿಸಲು ಹೊರಟದ್ದು ಮಹಾರಾಜರ ಕಾಲದಲ್ಲಿ. 1944ರಲ್ಲಿ ಮೈಸೂರು ಸಂಸ್ಥಾನ ಭಿಕ್ಷಾಟನೆ ನಿಷೇಧ ಕಾಯಿದೆ ಮಾಡಿತು. ಅದರ ಜಾಗಕ್ಕೆ ಬಂದ 1975ರ ಕರ್ನಾಟಕ ಕಾಯಿದೆಯೇ ಈಗಲೂ ನಡೆಯುತ್ತಿರುವುದು. ನಮ್ಮ 3 ರೂಪಾಯಿ ಈ ಕಾಯಿದೆಯ ಪ್ರಕಾರ ಕೇಂದ್ರ ಪರಿಹಾರ ಸಮಿತಿಗೆ, ಅಲ್ಲಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. ಬೆಂಗಳೂರಿನ ಮಾಗಡಿ ರಸ್ತೆಯದು ಇವುಗಳಲ್ಲಿ ಹೆಸರಾದದ್ದು. ಬೋರ್ಡಿನ ಮೇಲೆ ಏನೇ ಇರಲಿ, ಜನರ ಬಾಯಲ್ಲಿ ಅದು 'ಬೆಗ್ಗರ್ಸ್ ಕಾಲೊನಿ'.

ಉದ್ದೇಶ ಒಳ್ಳೆಯದೇ: ಊಟ, ಔಷಧಿ, ಹೊಲಿಗೆಯಂಥ ಕೆಲಸ. ಆದರೆ ಕಾಯಿದೆಯ ಕಣ್ಣಿಗೆ ಬೇಡುವುದು ಅಪರಾಧ, ಹಾಗಾಗಿ ಪರಿಹಾರ ಶುರುವಾಗುವುದೇ ಹಿಡಿದು ವ್ಯಾನಿಗೆ ಹತ್ತಿಸುವುದರಿಂದ. ಒಂದರಿಂದ ಮೂರು ವರ್ಷ ಒಳಗಿಡಬಹುದು. ಕಸುಬು ಕಲಿಸುತ್ತೇವೆ ಬಾ ಎಂದು ರಟ್ಟೆ ಹಿಡಿದು ಎಳೆದರೆ ಯಾರಿಗೆ ತಾನೇ ಕೈ ಬಗ್ಗೀತು? 2010ರ ಆಗಸ್ಟಿನಲ್ಲಿ ಅದೇ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವಾರದ ಪತ್ರಿಕೆಗಳನ್ನು ಓದಿದ ಮೇಲೆಯೇ ನಾನು ರಸೀದಿಯನ್ನು ಪೂರ್ತಿ ಓದತೊಡಗಿದ್ದು.

ಆ ಕೇಂದ್ರದ ಮಗ್ಗುಲಲ್ಲೇ ಸುಮನಹಳ್ಳಿ ಇದೆ. ಕುಷ್ಠರೋಗದಿಂದ ಮನೆ ಬಿಟ್ಟು ಬೀದಿಗೆ ಬಿದ್ದವರಿಗಾಗಿ 1970ರ ದಶಕದ ಕೊನೆಗೆ ಕ್ರೈಸ್ತ ಸಂಸ್ಥೆಯೊಂದು ಸರ್ಕಾರಿ ಜಾಗದಲ್ಲಿ ಕಟ್ಟಿದ್ದು. ರೋಗ ವಾಸಿಯಾದವರು ಅಲ್ಲಿ ಚರ್ಮದ ಸಾಮಾನು ಮಾಡಿದರು, ಬಟ್ಟೆ ಹೊಲಿದರು. ಮುಟ್ಟಲು ಜನ ಹೆದರುತ್ತಿದ್ದ ಕೈ ಮಾಡಿದ ಚೀಲವನ್ನು ಜನರೇ ಹೆಗಲಿಗೆ ಹಾಕಿಕೊಂಡು ಓಡಾಡಿದರು.

ಇನ್ನು ನಮ್ಮೂರಿನ ಮಾತು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ತಿಪಟೂರು ಸ್ಟೇಷನ್ನಿನಲ್ಲಿ ರೈಲು ಇಳಿದು ನಡೆದುಕೊಂಡೇ ಬಂದವನೊಬ್ಬ ಅರಳಿಕಟ್ಟೆಯ ಮೇಲೆ ಮಲಗುತ್ತಿದ್ದ. ಊರು ಕೇಳಿದರೆ ಹೇಳುತ್ತಿರಲಿಲ್ಲ. ನಮ್ಮಜ್ಜಿ ಮುದ್ದೆ ಕೊಡುತ್ತಿದ್ದಳು, ಒಂದು ದಿನ ತಟ್ಟೆ ಕೊಡುತ್ತಾ, "ಏನಪ್ಪಾ, ನಾಳೆ ಅಟ್ಟದಿಂದ ಕಾಯಿ ಇಳಿಸ್ಬೇಕು, ಬತ್ತೀಯಾ?" ಎಂದಳು. "ಬತ್ತೀನಿ ಕಣವ್ವ" ಅಂದ.

ನಮ್ಮ ಸೀಮೆಯಲ್ಲಿ ಅಟ್ಟ ಎಂದರೆ ಕೊಬ್ಬರಿಯ ಅಟ್ಟ. ಹತ್ತು ಹನ್ನೆರಡು ತಿಂಗಳು ಅಲ್ಲೇ ಒಣಗುವ ತೆಂಗಿನಕಾಯಿಯೇ ಮದುವೆ, ಫೀಸು, ಸಾಲ ಎಲ್ಲವೂ. ಅಲ್ಲಿಗೆ ಹೊರಗಿನವನನ್ನು ಹತ್ತಿಸಿದಳಲ್ಲ ಎಂದು ಚಿಕ್ಕಪ್ಪ ಎರಡು ದಿನ ಗೊಣಗಿದ. ಅಟ್ಟ ಹತ್ತಿದವನು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಉಂಡೆ ಗಟಗಟ ಉರುಳಿದರೆ ಕೆಳಕ್ಕೆ, ನೀರಿನ ಸದ್ದು ಬಂದರೆ ಮತ್ತೆ ಅದರ ಜಾಗಕ್ಕೆ. ಸಿಪ್ಪೆ ಸುಲಿದು, ಉಂಡೆಗೆ ಪೆಟ್ಟಾಗದಂತೆ ಮಚ್ಚಿನ ಹಿಂಬದಿಯಲ್ಲಿ ತಟ್ಟಿ ಚಿಪ್ಪು ಬಿಡಿಸುವುದನ್ನು ಹೆಂಗಸರ ಪಕ್ಕ ಕೂತು ಕಲಿತ. ಮೊದಲ ದಿನ ಒಡೆದುಹಾಕಿದ್ದಕ್ಕೆ ಲೆಕ್ಕವಿಲ್ಲ. ಅಜ್ಜಿ ಅಂಥ ಚೂರನ್ನೆಲ್ಲ ಚಟ್ನಿಗೆ ಎತ್ತಿಟ್ಟುಕೊಂಡಳು, ಕೂಲಿಯಲ್ಲಿ ಹಿಡಿಯಲಿಲ್ಲ. ಎರಡನೇ ವರ್ಷಕ್ಕೆ ಬೇರೆ ಮನೆಯವರೂ ಅವನನ್ನು ಹುಡುಕಿಕೊಂಡು ಬರತೊಡಗಿದರು. ಮಲಗುವುದು ಅರಳಿಕಟ್ಟೆಯಿಂದ ನಮ್ಮ ಕೊಟ್ಟಿಗೆಗೆ, ಅಲ್ಲಿಂದ ಹಜಾರಕ್ಕೆ ಬಂತು. ಕುಡಿತ ಮಾತ್ರ ಪೂರ್ತಿ ಬಿಡಲಿಲ್ಲ. ಸಂತೆ ದಿನ ಅವನನ್ನು ನಂಬುವಂತಿರಲಿಲ್ಲ.

1981ರ ಜನಗಣತಿ ಬಂತು. ಮನೆಯಿಲ್ಲದವರನ್ನು ಫೆಬ್ರವರಿ 28ರ ರಾತ್ರಿ ಬೇರೆಯಾಗಿ ಎಣಿಸುವುದು ಪದ್ಧತಿ. ಗಣತಿಯ ಮೇಷ್ಟ್ರು ಅದಕ್ಕೂ ಮೊದಲು ನಮ್ಮ ಮನೆಗೆ ಬಂದಿದ್ದರು. "ಇವನನ್ನ ಆವತ್ತು ರಾತ್ರಿ ಬರ್ಕೊಳ್ತೀನಿ ಬಿಡಿ" ಎಂದು ಕಾಗದ ಮಡಚಲು ಹೋದರು.

"ಯಾಕೆ? ನಮ್ಮನೇಲೇ ಬರ್ಕೊಳ್ಳಿ ಮೇಷ್ಟ್ರೇ" ಎಂದಳು ಅಜ್ಜಿ.

"ಯಜಮಾನ್ರಿಗೆ ಏನಾಗ್ಬೇಕು ಅಂತ ಬರೀಲಿ?"

ಅಜ್ಜಿ ಅಟ್ಟದ ಕಡೆ ನೋಡಿದಳು. "ಕಾಯಿ ನೋಡ್ಕೊಳ್ಳೋನು ಅಂತ ಬರ್ಕೊಳ್ಳಿ."