ಬಿತ್ತುವಟ್ಟ ಮತ್ತು ಜುಲೈ 1

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಪೂರ್ವದಂಚಿನಲ್ಲಿ, ಆಂಧ್ರದ ಗಡಿಗೆ ಸಮೀಪದಲ್ಲಿರುವ ಹರಿಯಬ್ಬೆ ಮತ್ತು ಅದರ ನೆರೆಯ ಧರ್ಮಪುರ, ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಕಾಣುವ, ಅದರಲ್ಲಿ ದೊಡ್ಡ ಪಾಲನ್ನು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಪಡೆಯುವ ಸೀಮೆಗೆ ಸೇರಿವೆ. ಇಂಥ ನೆಲದಲ್ಲಿ ಊರಿನ ಸೇವೆ ಎಂದರೆ ಬಹುಕಾಲ ಕೆರೆಯ ಸೇವೆಯೇ ಆಗಿತ್ತು. ಪಟ್ಟಣಗಳಲ್ಲಿ ವೃತ್ತಿಪರರೂ ವ್ಯಾಪಾರಿಗಳೂ ತಾವಾಗಿ ಕೂಡಿ, ವಂತಿಗೆ ಹಾಕಿ ನಡೆಸುವ ಸೇವಾ ಕ್ಲಬ್ಬುಗಳು ಪ್ರತಿ ಜುಲೈನಲ್ಲಿ ಮುಂದಿನ ವರ್ಷದ ಗುರಿಗಳನ್ನು ಸಾರುವ ಪದ್ಧತಿ ಇಂದು ಎಲ್ಲರಿಗೂ ಪರಿಚಿತ. ಈ ಎರಡು ವ್ಯವಸ್ಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಮುಖ್ಯವಾಗಿ ಕಾಣುವ ವ್ಯತ್ಯಾಸ ಸೇವೆಯ ಉದ್ದೇಶದ್ದಲ್ಲ. ಅದರ ಅವಧಿಯದು ಮತ್ತು ಅದರ ಖರ್ಚು ಹುಟ್ಟುವ ಮೂಲದ್ದು.

8ನೆಯ ಶತಮಾನದಿಂದ 11ನೆಯ ಶತಮಾನದವರೆಗೆ ಈ ಸೀಮೆ ನೊಳಂಬರ ಆಳ್ವಿಕೆಗೆ ಒಳಪಟ್ಟಿತ್ತು. ಶಾಸನಗಳಲ್ಲಿ ಹೆಂಜೇರು ಎನಿಸಿಕೊಂಡ ಅವರ ರಾಜಧಾನಿ, ಇಂದಿನ ಆಂಧ್ರದ ಮಡಕಶಿರಾ ಸೀಮೆಯ ಹೇಮಾವತಿ, ಧರ್ಮಪುರಕ್ಕೆ ದೂರವೇನಲ್ಲ. ನೊಳಂಬರ ಕಾಲದಿಂದ ವಿಜಯನಗರದ ಕಾಲದವರೆಗೆ ಕನ್ನಡ ಶಾಸನಗಳು ಕೆರೆಯ ಪಾಲನೆಗಾಗಿ ಒಂದು ಪರಿಭಾಷೆಯನ್ನೇ ಬಳಸಿವೆ. ಕೆರೆಯ ಕೆಳಗಿನ ಭೂಮಿಯಲ್ಲಿ ಅಥವಾ ಅದರ ಬೆಳೆಯಲ್ಲಿ ಒಂದು ಪಾಲನ್ನು ಕೆರೆಯ ನಿರ್ಮಾಣಕ್ಕೂ ದುರಸ್ತಿಗೂ ಬಿಟ್ಟುಕೊಟ್ಟರೆ ಅದು ಬಿತ್ತುವಟ್ಟ. ಕೆರೆ ಕಟ್ಟಿದವನಿಗೆ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಬಿಟ್ಟದ್ದು ದಶವಂದ. ಕಟ್ಟಿದ್ದಕ್ಕೋ ಕಾಪಾಡಿದ್ದಕ್ಕೋ ತೆರಿಗೆಯಿಲ್ಲದೆ ಕೊಟ್ಟ ಹೊಲ ಕಟ್ಟುಕೊಡಗೆ. ಹೂಳು ಹೊರುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಬಂಡಿ ಹೊಡೆಯುವವನಿಗೆ ಪ್ರತ್ಯೇಕವಾಗಿ ಭೂಮಿ ಬಿಟ್ಟ ನಿದರ್ಶನಗಳೂ ಇವೆ. ಈ ಬಂಡಿಗೆ ಕೆರೆಬಂಡಿ ಎಂದೇ ಹೆಸರು. ತೂಬು ತೆರೆದು ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳಿನ ಪಾಲು ಸಲ್ಲುತ್ತಿತ್ತು.

ಈ ಏರ್ಪಾಡಿನ ಜಾಣತನವೆಂದರೆ ಕೆರೆಯೇ ತನ್ನ ರಿಪೇರಿಯ ಖರ್ಚನ್ನು ಹುಟ್ಟಿಸಿಕೊಳ್ಳುತ್ತಿದ್ದುದು: ನೀರು ನಿಂತರೆ ಬೆಳೆ, ಬೆಳೆ ಬಂದರೆ ಬಿತ್ತುವಟ್ಟ, ಬಿತ್ತುವಟ್ಟ ಇದ್ದರೆ ಏರಿಗೆ ಮಣ್ಣು. ದಾನಿ ಸತ್ತರೂ ಅಧಿಕಾರಿ ಬದಲಾದರೂ ಕೆಲಸ ನಿಲ್ಲಬಾರದೆಂಬ ಲೆಕ್ಕಾಚಾರ ಇದರಲ್ಲಿತ್ತು. ದತ್ತಿಯನ್ನು ಅಳಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದು ಶಾಸನಗಳ ಕೊನೆಯಲ್ಲಿ ಬರುವ ಶಾಪವೂ ಮುಂದೆ ಬರುವವರನ್ನು ಉದ್ದೇಶಿಸಿದ ಮಾತೇ. ದೊಡ್ಡ ಕೆರೆಯ ಕೆಲಸ ಎಷ್ಟರ ಮಟ್ಟಿನದು ಎಂಬುದಕ್ಕೆ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಹಾಕಿಸಿದ 1369ರ ಶಾಸನ ಒಳ್ಳೆಯ ಸಾಕ್ಷಿ: ಅಲ್ಲಿ ದಿನವೂ 1,000 ಆಳುಗಳು, 100 ಬಂಡಿಗಳು ದುಡಿದು, ಕೆಲಸ ಮುಗಿಯಲು 2 ವರ್ಷ ಹಿಡಿಯಿತು. ಹಾಗೆಂದು ಈ ಹಳೆಯ ವ್ಯವಸ್ಥೆಯನ್ನು ಹಾಡಿ ಹೊಗಳುವುದು ಸರಿಯಲ್ಲ. ಅಚ್ಚುಕಟ್ಟಿನಲ್ಲಿ ಗದ್ದೆಯುಳ್ಳವನಿಗೆ ನೀರೂ, ಶಾಸನ ಹಾಕಿಸಿದವನಿಗೆ ಪುಣ್ಯವೂ ದೊರೆತರೆ, ಮಣ್ಣು ಹೊತ್ತವರ ಪಾಲಿಗೆ ಬಂದದ್ದು ಹಲವು ಕಡೆ ಬಿಟ್ಟಿ, ಎಂದರೆ ಕೂಲಿಯಿಲ್ಲದ ಕಡ್ಡಾಯದ ದುಡಿಮೆ. ನೀರಗಂಟಿಯ ಕೆಲಸ ತಳಸಮುದಾಯದ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಅಂಟಿಕೊಂಡಿದ್ದೂ, ನೀರು ಹಂಚುವವನಿಗೆ ಆ ನೀರಿನಲ್ಲಿ ತನ್ನದೆನ್ನುವ ಗದ್ದೆ ಬಹುಮಟ್ಟಿಗೆ ಇಲ್ಲದಿದ್ದುದೂ ಇದೇ ಚರಿತ್ರೆಯ ಭಾಗ.

ಮೈಸೂರು ಸರ್ಕಾರದ ಕಾಲಕ್ಕೆ ದೊಡ್ಡ ಕೆರೆಗಳು ಲೋಕೋಪಯೋಗಿ ಇಲಾಖೆಯ ಕೈಗೆ ಹೋದವು; ಚಿಕ್ಕವುಗಳ ಮಣ್ಣಿನ ಕೆಲಸ ರೈತರ ಹೊಣೆಯಾಗಿ ಉಳಿಯಿತು. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಾಗ ನೀರಿನ ಕೆಲಸವನ್ನು ಸರ್ಕಾರವೇ ನೋಡಿಕೊಳ್ಳುತ್ತದೆಂಬ ಭಾವನೆ ಈ ತಾಲ್ಲೂಕಿನಲ್ಲಿ ಬಲವಾಗಿದ್ದರೆ ಆಶ್ಚರ್ಯವಿಲ್ಲ. ಆದರೂ 1911ರ ಕೆರೆ ಪಂಚಾಯಿತಿ ಕಾನೂನು, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1914ರಿಂದ ನಡೆದ ಗ್ರಾಮ ಸುಧಾರಣಾ ಯೋಜನೆ, ಇವು ಊರವರ ಹೊಣೆಯನ್ನು ಸಮಿತಿಗಳ ರೂಪದಲ್ಲಿ ಮತ್ತೆ ಕಟ್ಟಲು ಯತ್ನಿಸಿದವು. ಸಮಿತಿಗಳು ಹುಟ್ಟಿದವು, ಬಿತ್ತುವಟ್ಟದಂಥ ಸ್ವಂತ ಆದಾಯ ಮಾತ್ರ ಅವುಗಳಿಗೆ ಹುಟ್ಟಲಿಲ್ಲ.

ಸೇವಾ ಕ್ಲಬ್ಬು ಬೇರೆಯೇ ನೆಲದಲ್ಲಿ ಬೆಳೆದ ಸಂಸ್ಥೆ. 1905ರ ಫೆಬ್ರುವರಿ 23ರಂದು ಷಿಕಾಗೋದ ವಕೀಲ ಪಾಲ್ ಹ್ಯಾರಿಸ್ ಮೂವರು ಪರಿಚಿತರೊಡನೆ ಆರಂಭಿಸಿದ ಕೂಟ, ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ರೋಟರಿ ಎನಿಸಿಕೊಂಡಿತು. ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು 1907ರಲ್ಲಿ ಕೈಗೊಂಡ ಯತ್ನ ಅದರ ಮೊದಲ ಊರ ಸೇವೆ. 1917ರಲ್ಲಿ ಅದೇ ನಗರದ ಮೆಲ್ವಿನ್ ಜೋನ್ಸ್ ಲಯನ್ಸ್ ಸಂಸ್ಥೆಗೆ ಬುನಾದಿ ಹಾಕಿದ. ರೋಟರಿ ಕಲ್ಕತ್ತೆಗೆ 1919ರಲ್ಲಿ, ಬೆಂಗಳೂರಿಗೆ 1934ರಲ್ಲಿ ಬಂದರೆ, ಲಯನ್ಸ್ 1956ರಲ್ಲಿ ಮುಂಬಯಿಯ ಮೂಲಕ ಭಾರತವನ್ನು ಸೇರಿತು. ಅನಂತರದ ದಶಕಗಳಲ್ಲಿ ಎರಡೂ ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೆ ಹರಡಿದವು.

ರೋಟರಿಯ ವರ್ಷ 1913ರಿಂದ ಜುಲೈ 1ಕ್ಕೆ ಆರಂಭವಾಗುತ್ತದೆ. ನಿಯೋಜಿತ ಅಧ್ಯಕ್ಷರೆಂದರೆ ಮುಂದಿನ ವರ್ಷಕ್ಕೆ ಆಗಲೇ ಆಯ್ಕೆಯಾದವರು. ಪದಗ್ರಹಣದ ದಿನ ಅವರ ಕೊರಳಿಗೆ ಕಾಲರ್ ಬೀಳುತ್ತದೆ, ಹಳಬರು ನಿಕಟಪೂರ್ವ ಅಧ್ಯಕ್ಷರಾಗುತ್ತಾರೆ, ಹೊಸಬರು ಗುರಿಗಳನ್ನು ಓದುತ್ತಾರೆ. ಆ ಪಟ್ಟಿಯ ಬಾಬತ್ತುಗಳಿಗೂ ಚರಿತ್ರೆಯಿದೆ. ಕಣ್ಣಿನ ಶಿಬಿರ ಅದರಲ್ಲಿ ತಪ್ಪದೆ ಇರುವುದಕ್ಕೆ, 1925ರಲ್ಲಿ ಹೆಲನ್ ಕೆಲರ್ ಲಯನ್ಸ್ ಸಮ್ಮೇಳನದಲ್ಲಿ ಅಂಧರ ಪರವಾಗಿ ಮಾಡಿಕೊಂಡ ಮನವಿ ಒಂದು ಕಾರಣ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕವಾಗಿ ಪೊರೆಯ ಶಸ್ತ್ರಚಿಕಿತ್ಸೆ ನಡೆಸಿ ಕರ್ನಾಟಕದಲ್ಲಿ ಅಂಥ ಶಿಬಿರವನ್ನು ಜನರ ನಂಬಿಕೆಗೆ ತಂದದ್ದು ಇನ್ನೊಂದು. ಒಂದೆರಡು ದಿನದಲ್ಲಿ ಮುಗಿಯುವ, ಲೆಕ್ಕಕ್ಕೂ ಫೋಟೋಕ್ಕೂ ಸಿಗುವ ಇಂಥ ಸೇವೆ ಹನ್ನೆರಡು ತಿಂಗಳ ಅಧ್ಯಕ್ಷತೆಗೆ ಹೇಳಿ ಮಾಡಿಸಿದಂತಿದೆ.

ವರ್ಷದ ಗಡಿಯನ್ನು ದಾಟಿದ ದೊಡ್ಡ ಗುರಿ ಪೋಲಿಯೊ ನಿರ್ಮೂಲನ. ರೋಟರಿ ಅದನ್ನು 1985ರಲ್ಲಿ ಜಾಗತಿಕ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡು, 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಅಷ್ಟರಲ್ಲಿ ಒಂದೊಂದು ಕ್ಲಬ್ಬಿನಲ್ಲೂ ಸುಮಾರು ಮೂವತ್ತು ಅಧ್ಯಕ್ಷರು ಬಂದು ಹೋಗಿದ್ದರು. ಸರ್ಕಾರಗಳ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ದುಡಿಮೆಯನ್ನು ಮರೆಯದೆ ಹೇಳುವುದಾದರೆ, ಈ ದೀರ್ಘಕಾಲದ ಹಟಕ್ಕೆ ರೋಟರಿಯಲ್ಲಿ ಬೆನ್ನೆಲುಬಾದದ್ದು 1917ರಲ್ಲಿ ಅದರ ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್ ಸೂಚಿಸಿದ, 26 ಡಾಲರ್ 50 ಸೆಂಟುಗಳ ಮೊದಲ ಕಾಣಿಕೆಯಿಂದ ಬೆಳೆದ ಶಾಶ್ವತ ನಿಧಿ. ಹೆಂಜೇರಿನ ಕಾಲದ ಕರಣಿಕನಿಗೆ ಇದನ್ನು ವಿವರಿಸಬೇಕಾಗಿದ್ದರೆ ಬಿತ್ತುವಟ್ಟ ಎಂಬ ಒಂದೇ ಮಾತು ಸಾಕಾಗುತ್ತಿತ್ತು.

ಕೆರೆಯ ಕೆಲಸವನ್ನು ಗುರಿಪಟ್ಟಿಗೆ ಸೇರಿಸುವ ಕ್ಲಬ್ಬು ಹಿರಿಯೂರಿನಂಥ ತಾಲ್ಲೂಕಿನಲ್ಲಿ ಎದುರಿಸುವ ತೊಡಕು ಪಂಚಾಂಗದ್ದು. ಜುಲೈ 1 ಬರುವುದು ಆರಿದ್ರಾ ಮಳೆಯ ನಕ್ಷತ್ರದಲ್ಲಿ, ರೈತರು ಶೇಂಗಾ ಬಿತ್ತನೆಯ ಹದ ಕಾಯುತ್ತಿರುವ ಹೊತ್ತಿನಲ್ಲಿ. ಆಗ ಹೂಳೆತ್ತಲು ಆಳಾಗಲಿ ಟ್ರ್ಯಾಕ್ಟರಾಗಲಿ ಸಿಗುವುದು ಕಷ್ಟ. ಕೆರೆಯಂಗಳ ಒಣಗಿ ಕೆಲಸಕ್ಕೆ ಒದಗುವುದು ಯುಗಾದಿಯಿಂದೀಚೆಗೆ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಆ ವೇಳೆಗೆ ಅಧ್ಯಕ್ಷರ ವರ್ಷದಲ್ಲಿ ಉಳಿದಿರುವುದು ಲೆಕ್ಕಪತ್ರ ಮತ್ತು ಬೀಳ್ಕೊಡುಗೆ. ಅವರು ತೆಗೆಸಿದ ಹೂಳಿನ ಜಾಗದಲ್ಲಿ ನೀರು ನಿಲ್ಲುವುದು ಉತ್ತರೆ, ಹಸ್ತ, ಚಿತ್ತೆಯ ಮಳೆಗಳಲ್ಲಿ. ಕೋಡಿ ಬಿದ್ದ ದಿನ ಬಾಗಿನ ಬಿಡಲು ಏರಿಯ ಮೇಲೆ ನಿಲ್ಲುವಾಗ ಕಾಲರ್ ಇನ್ನೊಬ್ಬರ ಕೊರಳಲ್ಲಿರುತ್ತದೆ.